ಕೀಳಿಸಲು ಅಗ್ಗ, ಉಳಿಸಲು ದುಬಾರಿ: ಚಿನ್ನದ ಗಣಿಯೂರಿನ ಹಲ್ಲಿನ ಲೆಕ್ಕ

ಕೋಲಾರದ ಚಿನ್ನದ ಗಣಿ (ಕೆಜಿಎಫ್) ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಬಾಗಿಲು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಸಂಬಳ ನಿಂತಿತು, ಅದರ ಬೆನ್ನಿಗೇ ಗಣಿ ಆಸ್ಪತ್ರೆಯೂ ನಿಂತಿತು. ಕೋರಮಂಡಲ್, ಊರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂಗಳ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಬದುಕಿದ್ದವರಿಗೆ ಡಾಕ್ಟರಿಗೆ ದುಡ್ಡು ಎಣಿಸಿ ಕೊಡುವ ರೂಢಿಯೇ ಇರಲಿಲ್ಲ. ಹೆರಿಗೆಯಾಗಲಿ, ಮುರಿದ ಕೈಯಾಗಲಿ, ಮಗುವಿನ ಜ್ವರವಾಗಲಿ ಗಣಿಯ ಆಸ್ಪತ್ರೆಗೇ ಹೋಗುತ್ತಿತ್ತು. ಗಣಿ ಮುಚ್ಚಿದ ಮೇಲೆ ಹೆರಿಗೆಗೆ, ಕ್ಷಯಕ್ಕೆ, ಲಸಿಕೆಗೆ ಸರ್ಕಾರದ ಒಂದಲ್ಲ ಒಂದು ಯೋಜನೆ ಸಿಕ್ಕಿತು. ಹಲ್ಲಿಗೆ ಸಿಕ್ಕಿದ್ದು ಬಹಳ ಕಡಿಮೆ. ಬಂಗಾರಪೇಟೆ–ಕೆಜಿಎಫ್ ಭಾಗದಲ್ಲಿ ಒಂದು ದವಡೆ ಹಲ್ಲು ಹುಳುಕಾದಾಗ ಅದನ್ನು ಕೀಳಿಸುವುದೋ ಉಳಿಸಿಕೊಳ್ಳುವುದೋ ಎಂಬುದನ್ನು ಇವತ್ತು ನಿರ್ಧರಿಸುವುದು ಮನೆಯ ಯಜಮಾನನ ಜೇಬು. ಅದು ಹೀಗಾದದ್ದು ಹೇಗೆಂದು ತಿಳಿಯಲು ಗಣಿಯ ಕಾಲಕ್ಕೇ ಹೋಗಬೇಕು.

ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ನಿನ ಸಂಸ್ಥೆ ಇಲ್ಲಿಗೆ ಕಾಲಿಟ್ಟದ್ದು 1880ರಲ್ಲಿ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ದೊಡ್ಡ ಗಣಿಗಳ ಜೊತೆ ಸಣ್ಣಪುಟ್ಟ ಕಂಪನಿಗಳೂ ಹುಟ್ಟಿದವು. ಅವುಗಳಲ್ಲೊಂದಾದ ಕೋರಮಂಡಲ್ ಕಂಪನಿ ಇಲ್ಲವಾಯಿತು, ಹೆಸರು ಮಾತ್ರ ಊರಿಗೂ ರೈಲು ನಿಲ್ದಾಣಕ್ಕೂ ಉಳಿಯಿತು. ಆಗ ಬೌರಿಂಗ್‌ಪೇಟೆ ಎನಿಸಿದ್ದ ಬಂಗಾರಪೇಟೆಯಿಂದ ಗಣಿಗೆ ರೈಲು ಬಂದದ್ದು 1894ರಲ್ಲಿ, ಶಿವನಸಮುದ್ರದ ಕರೆಂಟು ಬಂದದ್ದು 1902ರಲ್ಲಿ. ನೀರು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಬಂತು. ರೈಲು, ದೀಪ, ನೀರು, ಮನೆ ಎಲ್ಲವೂ ಗಣಿಗಾಗಿ ಬಂದವು. ಆಸ್ಪತ್ರೆಯೂ ಹಾಗೆಯೇ ಬಂತು. ಉತ್ತರ ಆರ್ಕಾಟು, ಚಿತ್ತೂರು ಕಡೆಗಳಿಂದ ಕರೆತಂದ ಆಳು ಕಾಯಿಲೆ ಬಿದ್ದು ಊರಿಗೆ ವಾಪಸಾದರೆ ನಷ್ಟ ಕಂಪನಿಗೆ. ಆಸ್ಪತ್ರೆಯ ಖರ್ಚು ದಾನವಲ್ಲ, ಕಡಿಮೆ ಕೂಲಿಯ ಜೊತೆ ಸೇರಿಸಿ ಕೊಟ್ಟ ಇನ್ನೊಂದು ಕೂಲಿ. ಇದನ್ನು ಧರ್ಮಾಸ್ಪತ್ರೆ ಎಂದು ನೆನೆಯುವವರು ಆ ಲೆಕ್ಕವನ್ನು ಮರೆಯಬಾರದು.

ಗಣಿಯ ಗಿರಣಿಯಲ್ಲಿ ಮತ್ತು ದಂತವೈದ್ಯರ ಮೇಜಿನಲ್ಲಿ ನಡೆಯುತ್ತಿದ್ದ ಕೆಲಸದ ಮೂಲಸೂತ್ರ ಒಂದೇ. ಸ್ಟಾಂಪ್ ಮಿಲ್ಲಿನಲ್ಲಿ ಅದಿರನ್ನು ನೀರಿನೊಂದಿಗೆ ಜಜ್ಜಿ, ಆ ಕೆಸರನ್ನು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸುತ್ತಿದ್ದರು. ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಂಡು ಬೂದು ಬಣ್ಣದ ಮುದ್ದೆಯಾಗುತ್ತಿದ್ದವು. ಅದನ್ನು ಕೆರೆದು, ಹಿಂಡಿ, ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತಿತ್ತು. ದಂತವೈದ್ಯರು ಬೆಳ್ಳಿ, ತವರ, ತಾಮ್ರದ ಪುಡಿಗೆ ಪಾದರಸ ಬೆರೆಸಿ ಅರೆದರೆ ಅಂಥದ್ದೇ ಮೆತ್ತನೆಯ ಮುದ್ದೆಯಾಗುತ್ತದೆ. ಕೊರೆದ ಕುಳಿಯಲ್ಲಿ ಒತ್ತಿದರೆ ಗಟ್ಟಿಯಾಗಿ ಹತ್ತಾರು ವರ್ಷ ಅಗಿಯುತ್ತದೆ. ಗಣಿಯೂರಿನಲ್ಲಿ ಪಾದರಸಕ್ಕೆ ಬರವಿರಲಿಲ್ಲ. ಅದನ್ನು ಹಲ್ಲಿಗೆ ತುಂಬಬಲ್ಲ ಕೈಗಳಿಗೆ ಇಡೀ ದೇಶದಲ್ಲೇ ಬರವಿತ್ತು.

ಆ ಬರ ಎಷ್ಟೆಂದು 1946ರ ಭೋರ್ ಸಮಿತಿಯ ವರದಿ ಹೇಳುತ್ತದೆ: ಸುಮಾರು 3 ಲಕ್ಷ ಜನರಿಗೆ ಒಬ್ಬ ತರಬೇತಾದ ದಂತವೈದ್ಯ. ದೇಶದ ಮೊದಲ ದಂತ ಕಾಲೇಜನ್ನು ಡಾ. ಆರ್. ಅಹ್ಮದ್ ಕಲ್ಕತ್ತದಲ್ಲಿ ತೆರೆದದ್ದೇ 1920ರಲ್ಲಿ. ಅಲ್ಲಿಯವರೆಗೂ, ಆಮೇಲೂ, ಹಲ್ಲು ಕೀಳುತ್ತಿದ್ದವರು ಸಂತೆ ಬೀದಿಯ ಕಸುಬುದಾರರು. ದೊಡ್ಡ ಊರುಗಳಲ್ಲಿ ಚೀನೀ ಮೂಲದ ಕುಟುಂಬಗಳು ಹಲ್ಲು ಕಟ್ಟುವ ಕಸುಬು ನಡೆಸುತ್ತಿದ್ದವು. 1948ರ ದಂತವೈದ್ಯರ ಕಾಯ್ದೆ ಇವರನ್ನು ಒಮ್ಮೆಲೇ ಓಡಿಸಲಿಲ್ಲ. ಪದವಿ ಇದ್ದವರನ್ನು ‘ಎ’ ಭಾಗದಲ್ಲೂ, ಪದವಿಯಿಲ್ಲದೆ ಕನಿಷ್ಠ ಐದು ವರ್ಷ ಇದೇ ಕಸುಬಿನಿಂದ ಬದುಕಿದವರನ್ನು ‘ಬಿ’ ಭಾಗದಲ್ಲೂ ನೋಂದಾಯಿಸಿಕೊಂಡಿತು. ಕರ್ನಾಟಕಕ್ಕೆ ಮೊದಲ ಸರ್ಕಾರಿ ದಂತ ಕಾಲೇಜು ಬಂದದ್ದು 1958ರಲ್ಲಿ, ಬೆಂಗಳೂರಿನಲ್ಲಿ. ವಿಕ್ಟೋರಿಯಾ ಆಸ್ಪತ್ರೆಯ ನೆರೆಯಲ್ಲಿರುವ ಆ ಕಾಲೇಜಿಗೆ ಕೋಲಾರ ಜಿಲ್ಲೆಯ ಹಲ್ಲುನೋವು ಈಗಲೂ ರೈಲು ಹತ್ತಿ ಹೋಗುತ್ತದೆ.

ಗಣಿ ವೈದ್ಯರ ಗಮನವೆಲ್ಲ ಶ್ವಾಸಕೋಶದ ಮೇಲಿತ್ತು. ಕಲ್ಲಿನ ಧೂಳು ಎದೆಗೆ ಸೇರಿ ಬರುವ ಸಿಲಿಕೋಸಿಸ್ ಇಲ್ಲಿನ ದೊಡ್ಡ ಶಾಪ. ಉಸಿರಾಡಲಾಗದವನ ಎದುರು ಹಲ್ಲುನೋವಿನವನು ಹಿಂದೆ ಸರಿದು ನಿಲ್ಲಲೇಬೇಕಾಗಿತ್ತು. ಎಲೆ ಅಡಿಕೆ, ಹೊಗೆಸೊಪ್ಪು ಅಗಿದ ಬಾಯಿಯ ವಸಡು ಸಡಿಲವಾಗುವುದನ್ನು, ಹಲ್ಲು ಒಂದೊಂದಾಗಿ ಉದುರುವುದನ್ನು ಜನ ಕಾಯಿಲೆಯೆಂದು ಎಣಿಸಲೇ ಇಲ್ಲ, ವಯಸ್ಸೆಂದರು.

ಇದೇ ಹೊತ್ತಿನಲ್ಲಿ ಕಡಲಾಚೆಯ ಇನ್ನೊಂದು ಗಣಿಯೂರು ಬೇರೆ ದಾರಿ ಹಿಡಿದಿತ್ತು. ವೇಲ್ಸ್‌ನ ಟ್ರೆಡೀಗರ್‌ನಲ್ಲಿ ಕಲ್ಲಿದ್ದಲು ಕಾರ್ಮಿಕರು 1890ರಲ್ಲಿ ತಮ್ಮದೇ ವೈದ್ಯ ಸಹಾಯ ಸಂಘ ಕಟ್ಟಿಕೊಂಡರು. ಪ್ರತಿ ಪೌಂಡ್ ಸಂಬಳಕ್ಕೆ ಮೂರು ಪೆನ್ಸ್ ವಂತಿಗೆ. ಅದರಿಂದ ಡಾಕ್ಟರುಗಳನ್ನು ಸಂಬಳಕ್ಕಿಟ್ಟುಕೊಂಡರು, ದಂತವೈದ್ಯರನ್ನೂ ಇಟ್ಟುಕೊಂಡರು. ಅದೇ ಊರಿನಲ್ಲಿ ಹದಿಹರೆಯದಲ್ಲೇ ಗಣಿಗಿಳಿದ ಅನ್ಯೂರಿನ್ ಬೆವನ್ ಮುಂದೆ ಬ್ರಿಟನ್ನಿನ ಆರೋಗ್ಯ ಮಂತ್ರಿಯಾಗಿ 1948ರ ಜುಲೈನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ತೆರೆದರು. ಹಲ್ಲುಸೆಟ್ಟಿಗೆ ಜನ ಮುಗಿಬಿದ್ದರು. ಖರ್ಚು ಅಂದಾಜನ್ನು ಮೀರಿತು. 1951ರಲ್ಲಿ ಆ ಸೇವೆಯಲ್ಲಿ ಮೊಟ್ಟಮೊದಲು ಶುಲ್ಕ ಬಿದ್ದದ್ದು ಹಲ್ಲುಸೆಟ್ಟಿಗೆ ಮತ್ತು ಕನ್ನಡಕಕ್ಕೆ. ಅದನ್ನು ಪ್ರತಿಭಟಿಸಿ ಬೆವನ್ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು.

ಟ್ರೆಡೀಗರ್‌ನ ಆಸ್ಪತ್ರೆ ಕಾರ್ಮಿಕರದು, ಕೋಲಾರದ್ದು ಮಾಲೀಕರದು. ವ್ಯತ್ಯಾಸವೆಲ್ಲ ಇರುವುದು ಇಲ್ಲಿ. ಟ್ರೆಡೀಗರ್‌ನದು ಬೆಳೆದು ದೇಶದ ಆಸ್ತಿಯಾಯಿತು. ಕೋಲಾರದ್ದು 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಬಿಜಿಎಂಎಲ್‌ಗೆ ಕೈಬದಲಾಗುತ್ತ ಹೋಗಿ, ಗಣಿಯಲ್ಲಿ ಲಾಭ ಬತ್ತಿದಾಗ ತಾನೂ ಬತ್ತಿತು. 1948ರ ಕಾರ್ಮಿಕ ರಾಜ್ಯ ವಿಮಾ ಕಾಯ್ದೆಯಾದರೂ ಇವರ ಕೈಹಿಡಿಯಬಹುದಿತ್ತು. ಆದರೆ ಕಾರ್ಖಾನೆ ಎಂಬ ವ್ಯಾಖ್ಯೆಯಿಂದ ಗಣಿಗಳನ್ನು ಆ ಕಾಯ್ದೆ ಹೊರಗಿಟ್ಟಿತ್ತು. ಕಂಪನಿ ಆಸ್ಪತ್ರೆ ಬಿಟ್ಟರೆ ಇವರಿಗೆ ಎರಡನೆಯ ಆಸರೆ ಇರಲಿಲ್ಲ.

ಗಣಿ ಹೋದ ಮೇಲೆ ಇಲ್ಲಿನ ಗಂಡು ಹೆಣ್ಣು ಮಕ್ಕಳು ಬೆಂಗಳೂರಿನ ಕೆಲಸಗಳಿಗೆ ಮುಖ ಮಾಡಿದರು. ಮಾರಿಕುಪ್ಪಂನಿಂದ ಹೊರಡುವ ನಸುಕಿನ ರೈಲು ಕೋರಮಂಡಲ್, ಬಂಗಾರಪೇಟೆಗಳಲ್ಲಿ ತುಂಬಿಕೊಳ್ಳುತ್ತದೆ. ಅವರಲ್ಲಿ ಕಾರ್ಮಿಕ ರಾಜ್ಯ ವಿಮೆಯ (ಇಎಸ್‌ಐ) ಕಾರ್ಡ್ ಇರುವವರು ಅದೃಷ್ಟವಂತರು. ತಿಂಗಳಿಗೆ 15,000 ರೂಪಾಯಿ ಸಂಬಳವಾದರೆ ಅವರ ಪಾಲು 0.75 ಶೇಕಡಾದಂತೆ ಸುಮಾರು 113 ರೂಪಾಯಿ, ಮಾಲೀಕರ ಪಾಲು 3.25 ಶೇಕಡಾದಂತೆ ಸುಮಾರು 488. ಅಷ್ಟಕ್ಕೆ ಮನೆಮಂದಿಗೆಲ್ಲ ವೈದ್ಯವಿದೆ, ಹಲ್ಲಿನದೂ ಸೇರಿ. ಟ್ರೆಡೀಗರ್‌ನ ಮೂರು ಪೆನ್ಸ್ ಲೆಕ್ಕ ಇದೇ. ಸಂಬಳ 21,000 ದಾಟಿದವರಿಗೆ, ಕಾರ್ಡಿಲ್ಲದ ದಿನಗೂಲಿಯವರಿಗೆ, ಕಾರ್ಡಿರುವ ಮಕ್ಕಳಿಲ್ಲದೆ ಊರಲ್ಲೇ ಉಳಿದ ಮುದುಕರಿಗೆ ಇದು ಇಲ್ಲ.

ಅವರಿಗಿರುವ ಮೊದಲ ದಾರಿ ರಾಬರ್ಟ್‌ಸನ್‌ಪೇಟೆಯ ಅಥವಾ ಬಂಗಾರಪೇಟೆಯ ಸರ್ಕಾರಿ ಆಸ್ಪತ್ರೆ. ತಾಲ್ಲೂಕು ಮಟ್ಟದಲ್ಲಿ ದಂತ ಆರೋಗ್ಯಾಧಿಕಾರಿಯ ಹುದ್ದೆಯಿದೆ, ಕುರ್ಚಿಯಿದೆ. ಹೆಸರು ಬರೆಸುವ ಚೀಟಿಯ ದುಡ್ಡು ಬಸ್ ಚಾರ್ಜಿಗಿಂತ ಕಡಿಮೆ. ಒಂದು ಸೂಜಿ, ಒಂದು ಇಕ್ಕಳ, ಹತ್ತಿಯ ಉಂಡೆ ಇದ್ದರೆ ಹಲ್ಲು ಕೀಳುವುದು ಒಂದೇ ದಿನದ ಕೆಲಸ. ಉಳಿಸುವ ಕೆಲಸದ ಸ್ವರೂಪ ಬೇರೆ. ರೂಟ್ ಕೆನಾಲ್ ಎಂದರೆ ಹಲ್ಲಿನ ನೆತ್ತಿಗೆ ತೂತು ಕೊರೆದು, ಕೂದಲಿನಷ್ಟು ಸಣ್ಣ ಅರಗಳಿಂದ ಬೇರಿನ ನಾಳಗಳನ್ನು ಕೆರೆದು, ತೊಳೆದು, ಒಣಗಿಸಿ, ಮುಚ್ಚುವುದು. ಎಕ್ಸ್‌ರೇ ಬೇಕು, ಎರಡು ಮೂರು ಭೇಟಿ ಬೇಕು. ಆಮೇಲೆ ಹಲ್ಲು ಸೀಳದಂತೆ ಕ್ಯಾಪ್ ಹಾಕಬೇಕು. ಕ್ಯಾಪ್ ತಯಾರಾಗುವುದು ಲ್ಯಾಬಿನಲ್ಲಿ. ಹಲ್ಲಿನ ಲ್ಯಾಬ್ ಇಲ್ಲದ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟೇ ನುರಿತವರಾದರೂ ‘ಕ್ಯಾಪ್ ಹೊರಗೆ ಹಾಕಿಸಿಕೊಳ್ಳಿ’ ಎನ್ನಬೇಕಾಗುತ್ತದೆ.

ಹೊರಗೆ ಎಂದರೆ ಖಾಸಗಿ ಕ್ಲಿನಿಕ್ಕು. ರೂಟ್ ಕೆನಾಲ್‌ಗೆ ಕೆಲವು ಸಾವಿರ, ಕ್ಯಾಪಿಗೆ ಮತ್ತೆ ಕೆಲವು ಸಾವಿರ. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು; ಒಂದು ಹಲ್ಲಿಗೆ ಹಲವು ದಿನಗಳ ಕೂಲಿ. ಖಾಸಗಿ ವೈದ್ಯರನ್ನು ಸುಲಿಗೆಕೋರರೆಂದು ಬಯ್ಯುವುದು ಸುಲಭ, ಆದರೆ ನ್ಯಾಯವಲ್ಲ. ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ ಯಂತ್ರ, ಅಂಗಡಿ ಬಾಡಿಗೆ, ಲ್ಯಾಬಿನ ಬಿಲ್ಲು, ಓದಿಗೆ ಮಾಡಿದ ಸಾಲ ಎಲ್ಲವೂ ಆ ಒಂದು ಹಲ್ಲಿನ ಮೇಲೆಯೇ ಕೂರುತ್ತವೆ. ಸರ್ಕಾರಿ ಕುರ್ಚಿಯಲ್ಲಿ ಇದೇ ಖರ್ಚನ್ನು ಊರೆಲ್ಲ ತೆರಿಗೆಯಲ್ಲಿ ಹಂಚಿಕೊಳ್ಳುತ್ತದೆ. ಹಂಚಿಕೊಳ್ಳಲು ಒಪ್ಪಿರುವುದು ಕೀಳುವ ಇಕ್ಕಳದವರೆಗೆ ಮಾತ್ರ ಎಂಬುದೇ ನೋವಿನ ಸಂಗತಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಒತ್ತು ಆಸ್ಪತ್ರೆಗೆ ದಾಖಲಾಗುವ ಕಾಯಿಲೆಗಳ ಮೇಲಿದೆ. ಹಲ್ಲಿನ ಕೆಲಸ ಬಹುಪಾಲು ಕೂತು ಎದ್ದು ಹೋಗುವಂಥದ್ದು.

ಎರಡರ ನಡುವೆ ಮೂರನೆಯ ಬೆಲೆಯೊಂದಿದೆ: ದಂತ ಕಾಲೇಜಿನದು. ಬೆಮೆಲ್ ನಗರದಲ್ಲೇ ಕೆಜಿಎಫ್ ದಂತ ವೈದ್ಯಕೀಯ ಕಾಲೇಜಿದೆ. ದೇಶದಲ್ಲಿ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕ ಮುಂದಿದೆ, ಬಹುಪಾಲು ಖಾಸಗಿ. ಪದವಿ ಮುಗಿಸಬೇಕಾದರೆ ವಿದ್ಯಾರ್ಥಿ ಇಷ್ಟು ಹಲ್ಲು ಕಿತ್ತಿರಬೇಕು, ಇಷ್ಟು ತುಂಬಿರಬೇಕು, ಇಷ್ಟು ಸೆಟ್ ಕಟ್ಟಿರಬೇಕು; ಹಾಗಾಗಿ ಕಾಲೇಜಿಗೆ ರೋಗಿಗಳು ಬೇಕು, ಶುಲ್ಕ ಕಡಿಮೆ ಇಡಲೇಬೇಕು. ಮೇಲ್ವಿಚಾರಕರ ಕಣ್ಣೆದುರು ನಡೆಯುವ ಕೆಲಸವಾದ್ದರಿಂದ ಅಚ್ಚುಕಟ್ಟಾಗಿರುತ್ತದೆ, ನಿಧಾನವೂ ಆಗಿರುತ್ತದೆ. ಇಲ್ಲಿ ಹಣದ ಬದಲು ದಿನಗಳನ್ನು ತೆರಬೇಕು. ದಿನಗೂಲಿಯವರಿಗೆ ಎರಡೂ ಒಂದೇ.

2014ರಲ್ಲಿ ಶುರುವಾದ ‘ದಂತ ಭಾಗ್ಯ’ ಯೋಜನೆ ಈ ಕಾಲೇಜುಗಳನ್ನೇ ಆಧರಿಸಿತು. ಆರಂಭದಲ್ಲಿ ಬಡತನ ರೇಖೆಗಿಂತ ಕೆಳಗಿನ 60 ದಾಟಿದವರಿಗೆ ಉಚಿತ ಹಲ್ಲುಸೆಟ್. ಮನುಷ್ಯತ್ವದ ಯೋಜನೆ, ಸಂದೇಹವಿಲ್ಲ. ಕೋಲಾರದ ಮುದ್ದೆಯೂಟ ಹಲ್ಲಿಲ್ಲದವರ ಕಷ್ಟವನ್ನು ಬಹುಕಾಲ ಮುಚ್ಚಿಟ್ಟಿದೆ. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹಾಗಾಗಿ ಬೋಳುಬಾಯಿಯ ಅಜ್ಜಿಯೂ ತಟ್ಟೆ ಖಾಲಿ ಮಾಡುತ್ತಾರೆ. ಆದರೆ ಕಾಳು, ಸೌತೆಕಾಯಿ, ಮಾಂಸ, ಕಡಲೆಕಾಯಿ ಒಂದೊಂದಾಗಿ ಅವರ ತಟ್ಟೆಯಿಂದ ದೂರವಾಗಿರುತ್ತವೆ. ಕಾಲೇಜಿನಲ್ಲಿ ಅಳತೆ, ಮೇಣದ ಕಚ್ಚು, ಹಾಕಿ ನೋಡುವುದು, ತಿದ್ದುವುದು ಎಂದು ಐದಾರು ಸಲ ಬರಬೇಕು. ಬೆಂಗಳೂರಿನ ರಸ್ತೆ ಬದಿಯಲ್ಲಿ ನೂರರ ಲೆಕ್ಕದಲ್ಲಿ ಅವತ್ತೇ ಸೆಟ್ ಕೂರಿಸಿ ಕಳಿಸುವವರ ಕಸುಬು ಈ ಶತಮಾನದಲ್ಲೂ ಬದುಕಿರುವುದಕ್ಕೆ ಕಾರಣ ಜನರ ಅಜ್ಞಾನವಲ್ಲ. ಅವರು ಕೇಳುವ ಬೆಲೆ ಮತ್ತು ತೆಗೆದುಕೊಳ್ಳುವ ಸಮಯ ಎರಡೂ ಬಡವರಿಗೆ ಹೊಂದುತ್ತವೆ.

ಇನ್ನೆರಡು ಬಾಯಿರೋಗಗಳಿಗೆ ಈ ಜಿಲ್ಲೆ ಹೆಸರುವಾಸಿ. ಒಂದು ಫ್ಲೋರೋಸಿಸ್. 1937ರಲ್ಲೇ ನೆರೆಯ ಆಂಧ್ರದ ನೆಲ್ಲೂರು ಸೀಮೆಯಲ್ಲಿ ಗುರುತಿಸಿದ ಕಾಯಿಲೆ ಇದು. ಗಣಿಯವರು ಬೇತಮಂಗಲದ ಕೆರೆನೀರು ಕುಡಿಯುತ್ತಿದ್ದ ಕಾಲ ಮುಗಿದು, ಸುತ್ತಲ ಹಳ್ಳಿಗಳು ಸಾವಿರ ಅಡಿಯ ಬೋರ್‌ವೆಲ್‌ಗೆ ಇಳಿದವು. ಗ್ರಾನೈಟ್ ಬಂಡೆಯಲ್ಲಿನ ಫ್ಲೋರೈಡ್ ನೀರಿಗೆ ಬಂತು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿದು ಬೆಳೆದ ಮಗುವಿನ ಹಲ್ಲು ಹುಟ್ಟುವಾಗಲೇ ಸುಣ್ಣದ ಗೆರೆ, ಕಂದು ಪಟ್ಟಿ ಹೊತ್ತು ಬರುತ್ತದೆ. ಎಷ್ಟು ಉಜ್ಜಿದರೂ ಹೋಗದ ಆ ಕಲೆಗೆ ಖಾಸಗಿಯಲ್ಲಿ ದುಬಾರಿ ಹೊದಿಕೆಗಳಿವೆ, ಸರ್ಕಾರಿ ಲೆಕ್ಕದಲ್ಲಿ ಅದು ಬರಿ ಅಂದದ ಪ್ರಶ್ನೆ. ಮದುವೆಯ ಮಾತುಕತೆಯಲ್ಲಿ ಬಾಯಿಗೆ ಸೆರಗು ಅಡ್ಡ ಹಿಡಿಯುವ ಹುಡುಗಿಗೆ ಅದು ಅಂದದ ಪ್ರಶ್ನೆಯಷ್ಟೇ ಆಗಿರಲಾರದು. ಊರೂರಿನ ಶುದ್ಧ ನೀರಿನ ಘಟಕಗಳೂ, 2023ರಲ್ಲಿ ಉದ್ಘಾಟನೆಯಾದ ಯರಗೋಳ್ ಅಣೆಕಟ್ಟಿನ ನೀರೂ ಈ ಜಿಲ್ಲೆಯ ಮಟ್ಟಿಗೆ ಹಲ್ಲಿನ ಮದ್ದೇ ಸರಿ.

ಇನ್ನೊಂದು ಬಾಯಿ ಕ್ಯಾನ್ಸರ್. ಕಡ್ಡಿಪುಡಿಯನ್ನು ಕೆನ್ನೆಯ ಒಳಗೆ ಒತ್ತಿಟ್ಟುಕೊಂಡೇ ರಾತ್ರಿ ಮಲಗುವ ಅಭ್ಯಾಸ ಇಲ್ಲಿನ ಹೆಂಗಸರಲ್ಲಿ ಹೆಚ್ಚು, ಅವರಲ್ಲಿ ಕೆನ್ನೆಯ ಕ್ಯಾನ್ಸರೂ ಹೆಚ್ಚು. ಕೋಲಾರದ ತಮಕದಲ್ಲಿರುವ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ವೈದ್ಯರು ಇದನ್ನು ವರ್ಷಗಳಿಂದ ಹೇಳುತ್ತಿದ್ದಾರೆ. ಬಿಳಿ ಮಚ್ಚೆಯ ಹಂತದಲ್ಲೇ ಅದನ್ನು ಕಾಣುವುದು ಬಾಯಿ ತೆರೆಸಿ ನೋಡುವ ದಂತವೈದ್ಯರ ಕಣ್ಣಿಗೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುವುದೇ ದುಬಾರಿ ಎಂದುಕೊಂಡ ಊರಿನಲ್ಲಿ ಆ ಕಣ್ಣಿಗೆ ಬೀಳುವವರು ಕಡಿಮೆ.

2021ರ ಕೋವಿಡ್ ಎರಡನೇ ಅಲೆಯಲ್ಲಿ, ಎರಡು ದಶಕ ಬೀಗ ಬಿದ್ದಿದ್ದ ಗಣಿ ಆಸ್ಪತ್ರೆಯನ್ನು ಸ್ವಯಂಸೇವಕರು ಗುಡಿಸಿ, ತೊಳೆದು, ಸುಣ್ಣ ಬಳಿದು ಕೆಲವೇ ವಾರಗಳಲ್ಲಿ ಮತ್ತೆ ಹಾಸಿಗೆ ಹಾಕಿದರು. ಅಷ್ಟು ದೊಡ್ಡ ಕಟ್ಟಡಕ್ಕೆ ಅಷ್ಟು ಬೇಗ ಜೀವ ತುಂಬಬಲ್ಲ ಊರಿಗೆ ಹಲ್ಲಿನ ವಿಷಯದಲ್ಲಿ ಬೇಕಿರುವುದು ಅದಕ್ಕಿಂತ ಬಹಳ ಸಣ್ಣದು: ತಾಲ್ಲೂಕು ಆಸ್ಪತ್ರೆಯ ಆವರಣದಲ್ಲಿ ಕ್ಯಾಪ್ ಮತ್ತು ಸೆಟ್ ತಯಾರಿಸುವ ಒಂದು ಲ್ಯಾಬ್, ಅಲ್ಲಿ ಸಂಬಳಕ್ಕೆ ಇಬ್ಬರು ತಂತ್ರಜ್ಞರು, ರೂಟ್ ಕೆನಾಲ್ ಸಾಮಗ್ರಿಗೆ ವರ್ಷವಿಡೀ ತಪ್ಪದ ಅನುದಾನ, ಬೆಂಗಳೂರಿನ ರೈಲು ಇಳಿದು ಬರುವವರಿಗಾಗಿ ವಾರದಲ್ಲಿ ಎರಡು ಸಂಜೆ ತೆರೆದಿರುವ ಕುರ್ಚಿ.