ಪಸ್ಕದ ಹುಣ್ಣಿಮೆ, ಶಿಲುಬೆಯ ಶುಕ್ರವಾರ

ಹೊಸೂರು ಸೀಮೆಯಲ್ಲಿ ಹೊಸ ವರ್ಷ ಎರಡು ಸಲ ಬರುತ್ತದೆ. ಕನ್ನಡ, ತೆಲುಗು ಮನೆಗಳಲ್ಲಿ ಚೈತ್ರ ಶುದ್ಧ ಪಾಡ್ಯದ ಯುಗಾದಿ; ತಮಿಳು ಮನೆಗಳಲ್ಲಿ ಮೇಷ ಸಂಕ್ರಮಣವನ್ನನುಸರಿಸುವ ಚಿತ್ತಿರೈ ಮೊದಲ ದಿನ. ಚಾಂದ್ರ, ಸೌರಮಾನಗಳ ಈ ಸಹವಾಸವನ್ನು ಬಲ್ಲವರಿಗೆ ಯೇಸುವಿನ ಶಿಲುಬೆಮರಣದ ದಿನವನ್ನು ಕುರಿತ ವಿವಾದ ತೀರ ಅಪರಿಚಿತವೆನಿಸದು. ಯೆಹೂದ್ಯರ ನೀಸಾನ್ ಮಾಸ ಬಹುಮಟ್ಟಿಗೆ ಇಲ್ಲಿನ ಚೈತ್ರಕ್ಕೆ ಸಮೀಪದ್ದು. ಪಸ್ಕದ ಕುರಿ ಕೊಯ್ಯುವ ನೀಸಾನ್ 14 ಹುಣ್ಣಿಮೆಯ ಆಸುಪಾಸಿನದು. ಋತು ತಪ್ಪದಂತೆ ಅಲ್ಲಿಯೂ ಅಧಿಕಮಾಸವುಂಟು.

ಆಧಾರಗಳು ಕೆಲವೇ. ಪೊಂತ್ಯ ಪಿಲಾತನ ಅಧಿಕಾರಾವಧಿ ಕ್ರಿ.ಶ. 26ರಿಂದ 36. ವಾರ ಶುಕ್ರವಾರ. ದಿನಾಂಕದಲ್ಲಿ ಮಾತ್ರ ಸುವಾರ್ತೆಗಳಿಗೆ ಒಮ್ಮತವಿಲ್ಲ: ಯೋಹಾನನ ಪ್ರಕಾರ ಅದು ಪಸ್ಕಭೋಜನಕ್ಕೆ ಮುನ್ನಿನ ನೀಸಾನ್ 14, ಉಳಿದ ಮೂವರ ಕಥನದಲ್ಲಿ ಕಡೆಯ ಭೋಜನವೇ ಪಸ್ಕಭೋಜನವಾದುದರಿಂದ 15. ಯೋಹಾನನನ್ನು ಒಪ್ಪಿದರೆ 30ರ ಏಪ್ರಿಲ್ 7 ಮತ್ತು 33ರ ಏಪ್ರಿಲ್ 3 ಪ್ರಬಲವಾಗಿ ಉಳಿಯುತ್ತವೆ.

ತೊಡಕಿರುವುದು ಇನ್ನೊಂದೆಡೆ. ಇಂದಿನ ಯೆಹೂದ್ಯ ಪಂಚಾಂಗದ ನಿಯಮದಂತೆ ನೀಸಾನ್ 15 ಸೋಮವಾರ, ಬುಧವಾರ, ಶುಕ್ರವಾರಗಳಂದು ಬೀಳುವಂತಿಲ್ಲ. ಆ ಸೂತ್ರವನ್ನು ಮೊದಲ ಶತಮಾನಕ್ಕೆ ಅನ್ವಯಿಸಿದರೆ ಮೂರು ಸುವಾರ್ತೆಗಳ ಸಾಕ್ಷ್ಯ ಲೆಕ್ಕ ಹಾಕುವ ಮೊದಲೇ ತಳ್ಳಿಹೋಗುತ್ತದೆ. ಆದರೆ ಗಣಿತದಿಂದ ಕಟ್ಟಿದ ಈ ಪಂಚಾಂಗ ಶತಮಾನಗಳ ಬಳಿಕ ರೂಪುಗೊಂಡದ್ದು. ಪಿಲಾತನ ಕಾಲದಲ್ಲಿ ಸಂಜೆಯ ಎಳೆಚಂದ್ರನನ್ನು ಕಂಡವರ ಸಾಕ್ಷ್ಯದ ಮೇಲೆ ಮಾಸಾರಂಭವನ್ನು ಘೋಷಿಸುತ್ತಿದ್ದರು. ಮೋಡ ಕವಿದರೆ ಒಂದು ದಿನ ಹಿಂದುಮುಂದಾಗುವ ಸಂಭವವಿತ್ತು.

ಶಾಸನಾಭ್ಯಾಸಿಗಳಿಗೆ ಈ ಎಚ್ಚರ ಹೊಸದಲ್ಲ. ಧರ್ಮಪುರಿಯ ನೊಳಂಬ ಮಹೇಂದ್ರನ ಕನ್ನಡ ಶಾಸನದ ಶಕ 815ನ್ನು ಕ್ರಿ.ಶ. 893 ಎನ್ನುವಾಗಲೂ ಅದು ಗತವರ್ಷವೆಂಬ ಗ್ರಹಿಕೆ ಹಿಂದಿರುತ್ತದೆ. ಮದರಾಸಿನ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೈ 1911ರಲ್ಲಿ ಹೊರತಂದ ‘ಇಂಡಿಯನ್ ಕ್ರೊನಾಲಜಿ’ಯ ಕೋಷ್ಟಕಗಳು ಕ್ರಿಸ್ತಶಕದ ಆರಂಭದಿಂದಲೇ ತೊಡಗುತ್ತವೆ, ಸ್ವತಃ ಕ್ರೈಸ್ತರಾದ ಅವರ ಪುಸ್ತಕದಿಂದ ಆ ಎರಡೂ ಶುಕ್ರವಾರಗಳ ತಿಥಿಯನ್ನು ಗುಣಿಸಬಹುದು. ಸಿಗುವುದು ತಿಥಿ ಮಾತ್ರ. ಜೆರುಸಲೇಮಿನ ದಿನ ಸೂರ್ಯಾಸ್ತದಿಂದ ಮೊದಲಾಗುತ್ತಿತ್ತು. ಸೂರ್ಯೋದಯದ ತಿಥಿಯನ್ನು ಅಲ್ಲಿಗೆ ಹಾಗೆಯೇ ಒಯ್ಯಲಾಗದು.

1983ರಲ್ಲಿ ಹಂಫ್ರೀಸ್ ಮತ್ತು ವಾಡಿಂಗ್ಟನ್ 33ನೇ ವರ್ಷದ ಪರವಾಗಿ ಚಂದ್ರಗ್ರಹಣವೊಂದನ್ನು ಮುಂದಿಟ್ಟರು. ಏಪ್ರಿಲ್ 3ರ ಸಂಜೆ ಜೆರುಸಲೇಮಿನಲ್ಲಿ ಚಂದ್ರ ಗ್ರಸ್ತನಾಗಿಯೇ ಉದಯಿಸಿದ್ದ. ಪೂರ್ವದಲ್ಲಿರುವ ಹೊಸೂರಿನ ಆಕಾಶದಲ್ಲಿ ಆ ಗ್ರಹಣ ಇನ್ನೂ ಹೆಚ್ಚು ಹೊತ್ತು ಕಾಣುವಂಥದು. ಗ್ರಹಣ ನಿಜ, ಅದನ್ನು ಅಪೊಸ್ತಲರ ಕೃತ್ಯಗಳಲ್ಲಿ ಬರುವ ‘ರಕ್ತವಾದ ಚಂದ್ರ’ನಿಗೆ ಜೋಡಿಸುವ ವಾದ ಮಾತ್ರ ದುರ್ಬಲ. ಅಲ್ಲಿ ಪೇತ್ರ ಹೇಳುತ್ತಿರುವುದು ಪ್ರವಾದಿ ಯೋವೇಲನ ಹಳೆಯ ಮಾತನ್ನು, ತಾನು ಕಂಡದ್ದನ್ನಲ್ಲ.