ಹೆಸರುಗಳ ಸರ್ವರ್ ಮತ್ತು ಸೇವಾಸ್ಥಗಿತ: ಒಂದು ಚಾರಿತ್ರಿಕ ಟಿಪ್ಪಣಿ

ತಾಂಡ್ಯ ಕೈಗಾರಿಕಾ ಪ್ರದೇಶದ ಗಣಕವೊಂದು ಅಂತರ್ಜಾಲ ತಾಣವೊಂದರ ಹೆಸರನ್ನು ಕೇಳಿದಾಗ ಅದರ ಅಂಕೆಯ ವಿಳಾಸವನ್ನು ಒದಗಿಸುವುದು ಡೊಮೈನ್ ನೇಮ್ ಸರ್ವರ್. ಈ ವ್ಯವಸ್ಥೆಯನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದರು. ಮರುವರ್ಷ ಬರ್ಕ್ಲಿಯ ವಿದ್ಯಾರ್ಥಿಗಳು ‘ಬೈಂಡ್’ ತಂತ್ರಾಂಶವನ್ನು ಬರೆದರು. ಭಾರತದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಜಾಲದ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದಾದ್ದರಿಂದ ಈ ಚರಿತ್ರೆ ಕನ್ನಡ ನಾಡಿಗೆ ಹೊರತಾದುದಲ್ಲ.

ಕೋರಿಕೆಗಳ ಪ್ರವಾಹದಿಂದಲೇ ಸರ್ವರ್ ಕುಸಿಯುತ್ತದೆಂಬುದು ರೂಢಿಯ ತಿಳಿವಳಿಕೆ. ಬೈಂಡ್‌ನ ಇತಿಹಾಸ ಇದನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. 2000ದಲ್ಲಿ ಹೊಸದಾಗಿ ಬರೆಯಲ್ಪಟ್ಟು ಬಿಡುಗಡೆಯಾದ ಬೈಂಡ್ 9, ತನ್ನೊಳಗೆ ಅಸಂಗತ ಸ್ಥಿತಿಯೇನಾದರೂ ಕಂಡುಬಂದರೆ ತಾನಾಗಿಯೇ ನಿಂತುಬಿಡುವಂತೆ ರಚಿತವಾಗಿತ್ತು. ಕೆಟ್ಟ ಸ್ಥಿತಿಯಲ್ಲಿ ಮುಂದುವರಿಯುವುದಕ್ಕಿಂತ ನಿಲ್ಲುವುದೇ ಲೇಸೆಂಬ ಈ ಎಚ್ಚರವೇ (ಅದು ತಪ್ಪೆಂದು ಹೇಳಲಾಗದು) ಅದರ ದೌರ್ಬಲ್ಯವೂ ಆಯಿತು. 2009ರಲ್ಲಿ ದಾಖಲೆ ನವೀಕರಣದ ಒಂದು ಸಂದೇಶ, 2015ರ ಜುಲೈನಲ್ಲಿ ‘ಟಿಕೀ’ ಕೋರಿಕೆಯ ಒಂದೇ ಪ್ಯಾಕೆಟ್ ಸರ್ವರನ್ನು ನಿಲ್ಲಿಸಲು ಸಾಕಾಯಿತು. ಎರಡನೆಯದನ್ನು ಸರ್ವರಿನ ಹೊಂದಾಣಿಕೆಗಳನ್ನು ಬದಲಿಸಿ ತಡೆಯುವಂತಿರಲಿಲ್ಲ. ದೋಷ ತಿದ್ದಿದ ಆವೃತ್ತಿಯನ್ನೇ ಅಳವಡಿಸಬೇಕಿತ್ತು. ನಿಂತ ಸರ್ವರನ್ನು ಮತ್ತೆ ಆರಂಭಿಸಿದರೂ ಇನ್ನೊಂದು ಪ್ಯಾಕೆಟ್ ಅದನ್ನು ಕೆಡವಬಹುದಿತ್ತು.

2024ರ ಫೆಬ್ರವರಿಯಲ್ಲಿ ಪ್ರಕಟವಾದ ‘ಕೀಟ್ರ್ಯಾಪ್’ ಬೇರೆ ಬಗೆಯದು. ಅದರಲ್ಲಿ ಒಂದೇ ಉತ್ತರ, ಸಹಿಗಳ ಪರಿಶೀಲನೆಯಲ್ಲಿ ತೊಡಗಿಸಿ, ಬೈಂಡನ್ನು 16 ಗಂಟೆಗಳವರೆಗೂ ತಡೆಹಿಡಿಯಬಲ್ಲದಾಗಿತ್ತು. ದೋಷದ ಮೂಲ ಯಾವುದೊಂದು ತಂತ್ರಾಂಶದಲ್ಲೂ ಇರಲಿಲ್ಲ, ಅವೆಲ್ಲವೂ ಅನುಸರಿಸಿದ ಮಾನಕದಲ್ಲಿತ್ತು.