ಬಳ್ಳಾರಿಯ ಜೈಲುಗಳು ಯಾರ ನೆನಪು?

1921ರ ನವೆಂಬರ್ 19ರ ಸಂಜೆ ಮಲಬಾರಿನ ತಿರೂರು ನಿಲ್ದಾಣದಲ್ಲಿ ನೂರು ಮಂದಿ ಕೈದಿಗಳನ್ನು ಸಾಮಾನು ಸಾಗಿಸುವ ರೈಲು ಡಬ್ಬಿಯೊಂದಕ್ಕೆ ತುಂಬಿ ಬಾಗಿಲು ಬಿಗಿಯಲಾಯಿತು. ಮಾಪಿಳ್ಳೆ ಬಂಡಾಯದಲ್ಲಿ ಸೆರೆಸಿಕ್ಕವರು ಅವರು. ಕೊಯಮತ್ತೂರಿನ ಬಳಿಯ ಪೋದನೂರಿನಲ್ಲಿ ರಾತ್ರಿ ಬಾಗಿಲು ತೆಗೆದಾಗ ಉಸಿರುಕಟ್ಟಿ ಸತ್ತವರ ಹೆಣಗಳು ಒಂದರ ಮೇಲೊಂದು ಬಿದ್ದಿದ್ದವು. ಆ ಮೇಲೆ ಸತ್ತವರೂ ಸೇರಿ ಅಸುನೀಗಿದವರು ಸುಮಾರು 70 ಮಂದಿ. ಅವರನ್ನು ಸಾಗಿಸುತ್ತಿದ್ದುದು ಬಳ್ಳಾರಿಯ ಜೈಲಿಗೆ.

ತಿರೂರಿನಲ್ಲಿ ಈ ದುರಂತದ ಹೆಸರಿನಲ್ಲೇ ಒಂದು ಪುರಭವನವಿದೆ. ಆ ಕೈದಿಗಳು ತಲುಪಬೇಕಿದ್ದ ಊರಿನಲ್ಲಿ ಮಾತ್ರ ಈ ಕಥೆ ಬಲ್ಲವರು ವಿರಳ. ಅದೇ ವರ್ಷದ ಅಕ್ಟೋಬರ್ 1ರಂದು ಗಾಂಧೀಜಿ ಬಳ್ಳಾರಿಗೆ ಬಂದು ರೈಲು ನಿಲ್ದಾಣದಲ್ಲೇ ತಂಗಿದ್ದನ್ನು ಊರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತದೆ. ಏಳು ವಾರಗಳ ನಂತರ ಬರಬೇಕಿದ್ದ, ಬಾರದೇ ಹೋದ ಡಬ್ಬಿಯ ಸುದ್ದಿ ಆ ನೆನಪಿನ ಜತೆ ಸೇರಲೇ ಇಲ್ಲ.

ಮಲಬಾರಿನ ಕೈದಿಗಳಿಗೂ ಬಳ್ಳಾರಿಗೂ ಏನು ನಂಟು? 1800ರಲ್ಲಿ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯಲ್ಲಿ ಬಳ್ಳಾರಿಯೂ ಸೇರಿತ್ತು. ಅಂದಿನಿಂದ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಅದು ಮದರಾಸಿನ ಆಡಳಿತದಲ್ಲಿದ್ದ ಜಿಲ್ಲೆ. ಕೋಟೆ, ದಂಡು, ರೈಲು ಮೂರೂ ಇದ್ದ ಊರು. ಮಲಬಾರಿನಿಂದಲೋ ಮದರಾಸಿನಿಂದಲೋ ತಂದು ಹಾಕಿದ ಕೈದಿಗೆ ಇಲ್ಲಿಯ ಮಾತು ತಿಳಿಯದು, ನೋಡಲು ಬರುವ ನೆಂಟರಿಗೆ ದಾರಿ ದೂರ, ಬೇಸಿಗೆಯ ಬಿಸಿಲಂತೂ ಬೇರೆಯದೇ ಶಿಕ್ಷೆ. ಆಳುವವರಿಗೆ ಇದಕ್ಕಿಂತ ಅನುಕೂಲದ ಜಾಗ ಬೇಕೆ?

ಈ ರೂಢಿ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲೇ ಪತ್ನಿಯನ್ನು ಕೊಂದ ಕರ್ನೂಲಿನ ನವಾಬ ಮುಜಫರ್ ಖಾನನನ್ನು ಬಳ್ಳಾರಿ ಗುಡ್ಡದ ಕೋಟೆಯಲ್ಲಿ ದೀರ್ಘಕಾಲ ಸೆರೆಯಿಟ್ಟಿದ್ದರು. 1921ರ ಬಂಡಾಯದ ನಂತರ ಮಾಪಿಳ್ಳೆ ಕೈದಿಗಳ ಸಂಖ್ಯೆ ಸಾವಿರಗಳ ಲೆಕ್ಕಕ್ಕೆ ಏರಿ ಅಲ್ಲೀಪುರದ ಜೈಲು ಅವರಿಂದ ತುಂಬಿತು. ಇಂಥ ಕೈದಿಗಳಲ್ಲಿ ಹಲವರನ್ನು ಮುಂದೆ ಅಂಡಮಾನಿಗೆ ಸಾಗಿಸಿದರು. ಕಾನೂನುಭಂಗ ಚಳವಳಿಯ ಸತ್ಯಾಗ್ರಹಿಗಳೂ ಬಳ್ಳಾರಿಯ ಜೈಲು ಕಂಡರು.

ಬಿಳಿಯರ ಆಳ್ವಿಕೆಯ ವಿರುದ್ಧ ಹೋರಾಡಿದವರಷ್ಟೇ ಇಲ್ಲಿದ್ದರೆಂದು ತಿಳಿದರೆ ಚರಿತ್ರೆ ಅರ್ಧವಾಗುತ್ತದೆ. 1938ರಲ್ಲಿ ರಾಜಾಜಿಯವರ ಕಾಂಗ್ರೆಸ್ ಸರ್ಕಾರ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿದಾಗ ಅದನ್ನು ಪ್ರತಿಭಟಿಸಿ ಸೆರೆಗೆ ಹೋದ ಪೆರಿಯಾರ್ ಇ.ವಿ. ರಾಮಸ್ವಾಮಿಯವರನ್ನು ಮದರಾಸಿನಿಂದ ಬಳ್ಳಾರಿಗೆ ತಂದಿಟ್ಟರು. ಸೆರೆಯಲ್ಲಿದ್ದಾಗಲೇ ಅವರು ಜಸ್ಟಿಸ್ ಪಕ್ಷದ ಅಧ್ಯಕ್ಷರಾದರು. ತಮಿಳರ ಸಾರ್ವಜನಿಕ ಬದುಕಿನ ದಿಕ್ಕು ಬದಲಿಸಿದ ಈ ಅಧ್ಯಾಯದಲ್ಲಿ ಬಳ್ಳಾರಿಯ ಹೆಸರೂ ಸೇರಿದೆ.

ಅಲ್ಲೀಪುರದ ಜೈಲಿನ ಆವರಣ ಈಗ ಆಸ್ಪತ್ರೆಯ ಆವರಣ. 1961ರಲ್ಲಿ ಆರಂಭವಾಗಿ, ಮುಂದೆ ವಿಮ್ಸ್ ಎಂದು ಜನರ ಬಾಯಲ್ಲಿ ನಿಂತ ಸರ್ಕಾರಿ ವೈದ್ಯಕೀಯ ಕಾಲೇಜು ಅಲ್ಲಿದೆ. ಸಿರುಗುಪ್ಪದ ಗದ್ದೆಗಳಿಂದಲೂ ಕುರುಗೋಡಿನ ಬಂಡೆಗಳ ನಡುವಿನ ಹಳ್ಳಿಗಳಿಂದಲೂ ಜನ ಚೀಟಿ ಹಿಡಿದು ಅಲ್ಲಿಗೆ ಬರುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ಜೈಲಿಗಿಂತ ಆಸ್ಪತ್ರೆ ಮೇಲಲ್ಲವೇ? ಅಂಡಮಾನಿನ ಸೆಲ್ಯುಲರ್ ಜೈಲಿನ ಆವರಣದಲ್ಲೂ 1963ರಲ್ಲಿ ಗೋವಿಂದ ವಲ್ಲಭ ಪಂತ್ ಆಸ್ಪತ್ರೆ ಬಂತು. ಆದರೆ ಅಲ್ಲಿ ಹಳೆಯ ಕೈದಿಗಳೇ ಎದ್ದು ನಿಂತು ಉಳಿದದ್ದನ್ನು ಕೆಡವಬಾರದೆಂದು ಹಟ ಹಿಡಿದರು. ಏಳು ಕವಲುಗಳಲ್ಲಿ ಮೂರು ಉಳಿದವು, 1979ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಬಳ್ಳಾರಿಯಲ್ಲಿ ಹಾಗೆ ಹಟ ಹಿಡಿಯಬೇಕಾದವರು ಮಲಬಾರಿನಲ್ಲಿದ್ದರು, ತಮಿಳುನಾಡಿನಲ್ಲಿದ್ದರು, ಆಂಧ್ರದಲ್ಲಿದ್ದರು. 1953ರ ನಂತರ ನಡುವೆ ರಾಜ್ಯದ ಗಡಿಯೂ ಬಂತು.

ಜೈಲನ್ನು ಉಳಿಸಿಕೊಳ್ಳುವ ಬಗೆಯೂ ಒಂದೇ ಅಲ್ಲ. ತೆಲಂಗಾಣದ ಸಂಗಾರೆಡ್ಡಿಯಲ್ಲಿ 1796ರ ಜೈಲನ್ನು 2016ರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಆಗ ಐನೂರು ರೂಪಾಯಿ ಕೊಟ್ಟವರಿಗೆ ಇಪ್ಪತ್ತನಾಲ್ಕು ಗಂಟೆ ಕೈದಿಯ ಉಡುಪು, ಕೈದಿಯ ಊಟ ಸಿಗುತ್ತಿತ್ತು! ಕುತೂಹಲಕ್ಕೆ ಸರಿ, ಆದರೆ ಸಂಜೆ ಮನೆಗೆ ಹೋಗುವೆನೆಂದು ತಿಳಿದವನಿಗೆ ಸೆರೆ ಅರ್ಥವಾಗುವುದು ಅಷ್ಟರಲ್ಲೇ ಇದೆ. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹದಿಂದ ಕೈದಿಗಳು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ 2008ರಲ್ಲಿ ಅಲ್ಲಿ ಫ್ರೀಡಂ ಪಾರ್ಕ್ ಆಯಿತು. ಕಾವಲು ಗೋಪುರ, ಕೆಲವು ಕೋಣೆಗಳು ಉಳಿದಿವೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲೆಂಬುದಕ್ಕಿಂತ ಧರಣಿ ಕೂರುವ ಜಾಗವೆಂದೇ ಅದು ಜನಕ್ಕೆ ಗೊತ್ತು. ಜೈಲಿಗೆ ಇದು ಕೆಟ್ಟ ಮುಪ್ಪೇನಲ್ಲ.

ಬಳ್ಳಾರಿಯ ಕೇಂದ್ರ ಕಾರಾಗೃಹ ಇಂದಿಗೂ ನಡೆಯುತ್ತಿರುವ ಜೈಲು. ಅದನ್ನು ಖಾಲಿ ಮಾಡಿಸಿ ಟಿಕೆಟ್ ಇಡುವ ಮಾತು ಬೇಕಿಲ್ಲ. ಗೋಡೆಗಿಂತ ಮೊದಲು ಉಳಿಯಬೇಕಾದದ್ದು ಕಾಗದ. ಯಾರು ಬಂದರು, ಯಾವ ಊರಿನವರು, ಎಷ್ಟು ದಿನ ಇದ್ದರು, ಬಿಡುಗಡೆಯೋ ಸಾವೋ? ಆಗಿನ ಸರ್ಕಾರದ ಕಡತಗಳನ್ನು ಇಟ್ಟಿರುವುದು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ. ಬಳ್ಳಾರಿಗೆ ಸಂಬಂಧಿಸಿದವುಗಳ ಪ್ರತಿ ತರಿಸುವುದಕ್ಕೆ ಒಂದು ಕಟ್ಟಡ ಕಟ್ಟುವಷ್ಟು ಖರ್ಚಿಲ್ಲ. ಅವನ್ನಿಡಲು ಜಾಗವೂ ಕಷ್ಟವಲ್ಲ. ಸಂಗನಕಲ್ಲಿನ ಶಿಲಾಯುಗದ ಕೊಡಲಿಗಳಿಗಾಗಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವನ್ನು ಈ ಊರು ಈಗಾಗಲೇ ಕಟ್ಟಿಕೊಂಡಿದೆ.

ಉಳಿದ ಕೆಲಸ ಶಾಲೆಗಳದ್ದು. ಕುರುಗೋಡು, ಸಿರುಗುಪ್ಪದ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಜೈಲಿಗೆ ಹೋಗಿಬಂದ ಅಜ್ಜಂದಿರ ಪಟ, ಪತ್ರ, ಬಿಡುಗಡೆಯ ಚೀಟಿ ಇರಬಹುದು. ಜೈಲಿನ ಕಾವಲುಗಾರರಾಗಿದ್ದವರ ಮೊಮ್ಮಕ್ಕಳೂ ಇಲ್ಲೇ ಇದ್ದಾರು. ಅವರು ಕೇಳಿದ ಕಥೆ ಕೈದಿಗಳ ಕಥೆಯಷ್ಟೇ ಮುಖ್ಯ. ಮಕ್ಕಳು ಇದನ್ನೆಲ್ಲ ಬರೆದುಕೊಂಡು ಬಂದರೆ, ಆಸ್ಪತ್ರೆಯ ಆವರಣದಲ್ಲಿ ಒಂದು ಕೋಣೆ ಸಿಕ್ಕರೂ ಸಾಕು. ಅದರ ಬಾಗಿಲ ಮೇಲಿನ ಫಲಕ ಮಾತ್ರ ಕನ್ನಡದ ಜತೆಗೆ ಮಲಯಾಳಂ, ತಮಿಳು, ತೆಲುಗಿನಲ್ಲೂ ಇರಬೇಕಾಗುತ್ತದೆ.